ಮುಳುಗದೆ ಉಳಿದವರ ಸೀಮೆ

ಮುಂಗಾರು ಹಿಡಿಯಿತೆಂದರೆ ಪತ್ರಿಕೆಗಳಲ್ಲಿ ಜಲಾಶಯಗಳ ನೀರಿನ ಮಟ್ಟದ ಪಟ್ಟಿ ದಿನವೂ ಬರುತ್ತದೆ. ಅದರಲ್ಲಿ ಲಿಂಗನಮಕ್ಕಿಯ ಎದುರು ಗರಿಷ್ಠ ಮಟ್ಟ 1819 ಅಡಿ ಎಂದಿರುತ್ತದೆ. ಊರೂರುಗಳಲ್ಲಿ ಅದನ್ನು ಓದುವವರಿಗೆ ಅದು ಆ ವರ್ಷದ ಕರೆಂಟಿನ ಲೆಕ್ಕ. ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಕರೂರು, ಬಾರಂಗಿ ಹೋಬಳಿಗಳವರಿಗೆ ಮಾತ್ರ ಆ ಅಂಕಿ ಹಣೆಬರಹವಾಗಿ ಬಂತು. ಸಮುದ್ರಮಟ್ಟದಿಂದ 1819 ಅಡಿಗಿಂತ ಕೆಳಗೆ ಮನೆ, ಗದ್ದೆ ಇದ್ದವರು 1960ರ ದಶಕದ ಮೊದಲಿಗೆ ಊರು ಬಿಟ್ಟು ಹೊರಟರು. ಮೇಲಿದ್ದವರು ಇದ್ದಲ್ಲೇ ಇದ್ದರು. ಹೊರಟವರನ್ನು ಸರ್ಕಾರ ಮುಳುಗಡೆ ಸಂತ್ರಸ್ತರು ಎಂದು ಬರೆದುಕೊಂಡಿತು. ಇದ್ದವರನ್ನು ಏನೆಂದೂ ಬರೆದುಕೊಳ್ಳಲಿಲ್ಲ. ಅವರ ಮನೆ ಮುಳುಗಿರಲಿಲ್ಲ, ತೋಟ ಮುಳುಗಿರಲಿಲ್ಲ. ಮುಳುಗಿದ್ದು ಸಂತೆಗೆ, ಶಾಲೆಗೆ, ಆಸ್ಪತ್ರೆಗೆ ಹೋಗುವ ದಾರಿ. ಅದಕ್ಕೆ ಪರಿಹಾರದ ಕಾಲಂ ಇರಲಿಲ್ಲ.

ತುಮರಿ, ಬ್ಯಾಕೋಡು, ಕುದರೂರು, ಕಳಸವಳ್ಳಿ, ಸಿಗಂದೂರು ಮೊದಲಾದ ಹಳ್ಳಿಗಳು ಅರವತ್ತು ವರ್ಷ ನೀರಿನಾಚೆ ಕಳೆದ ಚರಿತ್ರೆ ಇದು. ದ್ವೀಪ ಎಂದು ಕರೆದು ಎಲ್ಲರಿಗೂ ರೂಢಿಯಾಗಿರುವ ಈ ಸೀಮೆ ಹುಟ್ಟಿನಿಂದ ದ್ವೀಪವಲ್ಲ.

ನಕ್ಷೆ ತೆರೆದು ನೋಡಿದರೆ ಇದು ಸ್ಪಷ್ಟವಾಗುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊಸನಗರದ ಕಡೆಯಿಂದ ವಾಯವ್ಯಕ್ಕೆ ಹರಿಯುತ್ತದೆ. ಪಟಗುಪ್ಪದ ಬಳಿ ಹರಿದ್ರಾವತಿಯನ್ನು, ಮುಂದೆ ಎಣ್ಣೆಹೊಳೆಯನ್ನು ಕೂಡಿಸಿಕೊಂಡು, ಜೋಗದಲ್ಲಿ 830 ಅಡಿ ಧುಮುಕಿ, ಹೊನ್ನಾವರದಲ್ಲಿ ಕಡಲು ಸೇರುತ್ತದೆ. ಉದ್ದ ಒಟ್ಟು 128 ಕಿಲೋಮೀಟರ್. ಅಷ್ಟು ಚಿಕ್ಕ ಹೊಳೆ. ಆದರೆ ಜೋಗಕ್ಕೆ ಮೊದಲು ಅದು ಅವಸರವಿಲ್ಲದೆ ಅಗಲವಾದ ಕಣಿವೆಯಲ್ಲಿ ಹರಿಯುತ್ತಿತ್ತು. ಕಣಿವೆಯ ತಳದಲ್ಲಿ ಭತ್ತದ ಗದ್ದೆ, ಗುಡ್ಡದ ಸಂದಿನಲ್ಲಿ ಅಬ್ಬಿ ನೀರು ಕಟ್ಟಿಕೊಂಡ ಅಡಿಕೆ ತೋಟ, ತೋಟದ ಮೇಲೆ ಸೊಪ್ಪಿನಬೆಟ್ಟ, ಅದಕ್ಕೂ ಮೇಲೆ ಕಾನು. ಮಲೆನಾಡಿನ ಬೇಸಾಯ ನಿಂತಿರುವುದೇ ಈ ನಾಲ್ಕು ಮೆಟ್ಟಿಲಿನ ಮೇಲೆ. ಬೆಟ್ಟದ ಸೊಪ್ಪು ಕೊಟ್ಟಿಗೆಗೆ ಇಳಿದು ಗೊಬ್ಬರವಾಗಿ ತೋಟಕ್ಕೆ ಹೋಗಬೇಕು, ಗದ್ದೆಯ ಹುಲ್ಲು ದನಕ್ಕೆ ಬರಬೇಕು. ಒಂದು ಮೆಟ್ಟಿಲು ತಪ್ಪಿದರೆ ಉಳಿದ ಮೂರೂ ಸೊರಗುತ್ತವೆ. ಅಣೆಕಟ್ಟು ನುಂಗಿದ್ದು ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲನ್ನು, ಅಂದರೆ ಅನ್ನ ಕೊಡುವ ಗದ್ದೆಯನ್ನು. ಇದನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ಕರೂರು–ಬಾರಂಗಿ ಸೀಮೆ ಈ ಹೊಳೆಗೂ ಪಶ್ಚಿಮದ ಘಟ್ಟದಂಚಿಗೂ ನಡುವೆ ಇದೆ. ಪಶ್ಚಿಮಕ್ಕೆ ಕೋಗಾರು ಘಾಟಿ ಇಳಿದರೆ ಭಟ್ಕಳ. ಉತ್ತರಕ್ಕೆ ಕಾರ್ಗಲ್, ಜೋಗ. ದಕ್ಷಿಣಕ್ಕೆ ನಿಟ್ಟೂರಿನ ಕಡೆಯಿಂದ ನಗರ, ಕೊಲ್ಲೂರು. ಪೂರ್ವಕ್ಕೆ ಹೊಳೆ ದಾಟಿದರೆ ಇಕ್ಕೇರಿ, ಸಾಗರ. ಘಟ್ಟದ ಮೇಲಿನ ರಾಜಧಾನಿಗೂ ಕೆಳಗಿನ ಬಂದರಿಗೂ ನಡುವಿನ ನೆಲವಿದು, ಒಂದು ಕಾಲಕ್ಕೆ ನಡುಮನೆಯೇ.

ಆ ಕಾಲದ ದೊಡ್ಡ ಸಾಕ್ಷಿ ಕಾಡೊಳಗಿನ ಕಾನೂರು ಕೋಟೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಸೇರಿಕೊಂಡಿರುವ ಈ ಕೋಟೆಯ ಗೋಡೆಗಳ ಮೇಲೆ ಈಗ ಮರ ಬೆಳೆದಿವೆ. ಹದಿನಾರನೆಯ ಶತಮಾನದಲ್ಲಿ ಈ ಬೆಟ್ಟಗಳ ಕಾಳುಮೆಣಸು ಘಟ್ಟ ಇಳಿದು ಗೇರುಸೊಪ್ಪೆಗೆ, ಅಲ್ಲಿಂದ ಹೊನ್ನಾವರ, ಭಟ್ಕಳಗಳ ಹಡಗಿಗೆ ಹೋಗುತ್ತಿತ್ತು. ಪೋರ್ಚುಗೀಸರು ಆಕೆಯನ್ನು ಮೆಣಸಿನ ರಾಣಿ ಎಂದೇ ಕರೆದರು. ಹದಿನೇಳನೆಯ ಶತಮಾನದ ಮೊದಲ ವರ್ಷಗಳಲ್ಲಿ ಕೆಳದಿಯ ವೆಂಕಟಪ್ಪ ನಾಯಕನಿಗೆ ಆಕೆ ಸೋತ ಮೇಲೆ ಸೀಮೆ ಕೆಳದಿ ಅರಸರ ಕೈಗೆ ಹೋಯಿತು. ಶಿವಪ್ಪ ನಾಯಕನ ‘ಶಿಸ್ತು’ ಎಂಬ ಕಂದಾಯ ಪದ್ಧತಿ ಇಲ್ಲಿನ ಗದ್ದೆ ತೋಟಗಳಿಗೂ ತೆರಿಗೆ ಗೊತ್ತುಮಾಡಿತು. 1763ರಲ್ಲಿ ಹೈದರಾಲಿ ಬಿದನೂರು ಹಿಡಿದ. 1830ರ ನಗರ ದಂಗೆಯಲ್ಲಿ ಈ ಭಾಗದ ರೈತರು ಕಂದಾಯದ ಕಾಟಕ್ಕೆ ಎದ್ದುನಿಂತಾಗ ಮೈಸೂರಿನ ಆಡಳಿತವೇ ಬ್ರಿಟಿಷರ ಕೈ ಸೇರಿತು. ರಾಜರು ಬದಲಾದರೂ ಹೊಳೆಯ ಎರಡು ದಡಗಳ ನಡುವಿನ ಓಡಾಟ ತಪ್ಪಲಿಲ್ಲ. ಹೆಣ್ಣು ಕೊಟ್ಟು ತರುವುದು, ದನ ಕೊಳ್ಳುವುದು, ಹಬ್ಬಕ್ಕೆ ಹೋಗುವುದು ಎಲ್ಲವೂ ಹೊಳೆ ದಾಟಿಯೇ ನಡೆಯುತ್ತಿತ್ತು.

ಇಲ್ಲಿನ ಜನರಲ್ಲಿ ದೀವರು ಹೆಚ್ಚು. ಹವ್ಯಕರು ಅಡಿಕೆ ತೋಟದವರು. ಜೈನರ ಹಳೆಯ ಮನೆತನಗಳಿವೆ, ಕಾಡಂಚಿನಲ್ಲಿ ಕುಣಬಿಯರಿದ್ದಾರೆ. ದೀವರ ಮನೆಯ ಹೆಂಗಸರು ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರವನ್ನು ಈಗ ನಗರಗಳ ಪ್ರದರ್ಶನಗಳಲ್ಲೂ ಕಾಣಬಹುದು. ಕೆಮ್ಮಣ್ಣು ಬಳಿದು, ಅಕ್ಕಿ ಅರೆದ ಬಿಳಿಯಲ್ಲಿ ಪುಂಡಿ ನಾರಿನ ಕುಂಚ ಅದ್ದಿ, ಕೈ ನಡುಗದಂತೆ ಗೆರೆ ಎಳೆಯುವ ಕಲೆ ಅದು. ಸೀಗೆ ಹುಣ್ಣಿಮೆಯ ಹೊತ್ತಿಗೆ ಅದೇ ಚಿತ್ತಾರ ಭೂಮಣ್ಣಿ ಬುಟ್ಟಿಯ ಮೇಲೆ ಬರುತ್ತದೆ. ಭತ್ತ ಹೊಡೆ ತುಂಬಿ ನಿಂತಾಗ ಭೂಮಿ ಬಸುರಿ ಎಂದು ಆಕೆಗೆ ಬಯಕೆಯ ಊಟ ಬಡಿಸುವ ಹಬ್ಬ. ರಾತ್ರಿಯೆಲ್ಲ ಅಡುಗೆ ಮಾಡಿ, ಬಗೆಬಗೆಯ ಸೊಪ್ಪು ಬೇಯಿಸಿದ ಹಚ್ಚಂಬಲಿಯನ್ನು ಬುಟ್ಟಿಯಲ್ಲಿ ಹೊತ್ತು, ಬೆಳಕು ಹರಿಯುವ ಮುನ್ನ ಗದ್ದೆಗೆ ಹೋಗಿ ಬೀರಿ ಬರುತ್ತಾರೆ. ಹಬ್ಬ ಈಗಲೂ ನಡೆಯುತ್ತದೆ. ಆದರೆ ಈ ಕಣಿವೆಯಲ್ಲಿ ತಲೆತಲಾಂತರ ಬುಟ್ಟಿ ಹೊತ್ತೊಯ್ದ ಗದ್ದೆಗಳು ಈಗ ನೀರಿನಡಿ ಇವೆ.

ಆ ಗದ್ದೆಗಳಲ್ಲಿ ಹೆಚ್ಚಿನವು ಉಳುವವರ ಹೆಸರಿನಲ್ಲಿ ಇರಲಿಲ್ಲ ಎಂಬುದನ್ನು ಬಿಟ್ಟು ಈ ಚರಿತ್ರೆ ಹೇಳಲಾಗದು. ಸಾಗರ ತಾಲ್ಲೂಕಿನ ದೀವರು ಬಹುಪಾಲು ಗೇಣಿದಾರರು. ಒಡೆಯರು ಗೇಣಿ ಅಳೆಸಿಕೊಳ್ಳುವಾಗ ಬಳಸುತ್ತಿದ್ದ ಕೊಳಗ ದೊಡ್ಡದು ಎಂಬ ದೂರಿನಿಂದಲೇ 1951ರ ಏಪ್ರಿಲ್‌ನಲ್ಲಿ ಕಾಗೋಡು ಸತ್ಯಾಗ್ರಹ ಹುಟ್ಟಿತು. ಎಚ್. ಗಣಪತಿಯಪ್ಪ ಅದನ್ನು ಕಟ್ಟಿದರು, ಶಾಂತವೇರಿ ಗೋಪಾಲಗೌಡರು ಮುನ್ನಡೆಸಿದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಉಳುವವನಿಗೆ ಭೂಮಿ ಎಂಬ ಮಾತು ಕರ್ನಾಟಕದಲ್ಲಿ ಕಾಯ್ದೆಯಾಗಿ ಗಟ್ಟಿಯಾದದ್ದು 1974ರ ತಿದ್ದುಪಡಿಯಿಂದ. ಶರಾವತಿ ಕಣಿವೆಯಲ್ಲಿ ಆ ಹೊತ್ತಿಗೆ ಗದ್ದೆಗಳು ನೀರಿಗಿಳಿದು ಹತ್ತು ವರ್ಷವಾಗಿತ್ತು. ಕಾಗೋಡಿನ ರೈತ ಹೋರಾಡಿ ಕೊನೆಗೆ ತನ್ನ ಗದ್ದೆಗೆ ಒಡೆಯನಾದ. ಹೊಳೆ ದಂಡೆಯ ಅವನ ನೆಂಟನಿಗೆ, ಅದೇ ತಾಲ್ಲೂಕಿನ ಅದೇ ಗೇಣಿದಾರನಿಗೆ, ಒಡೆಯನಾಗಲು ಗದ್ದೆಯೇ ಉಳಿದಿರಲಿಲ್ಲ. ಇಡೀ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಈ ಹತ್ತು ವರ್ಷದ ಅಂತರ.

ಮುಳುಗಡೆ ಎರಡು ಸಲ ಬಂತು.

ಮೊದಲನೆಯದು ಮೈಸೂರು ಅರಸರ ಕಾಲದ್ದು. ಜೋಗದ ನೀರಿನಿಂದ ವಿದ್ಯುತ್ ತೆಗೆಯಬೇಕೆಂಬ ಬಹುದಿನಗಳ ಯೋಚನೆ 1930ರ ದಶಕದ ಕೊನೆಗೆ ಕಾಮಗಾರಿಯಾಯಿತು. ಜೋಗದಿಂದ ಮೇಲೆ, ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟು ಎದ್ದಿತು. ಮಹಾಯುದ್ಧದ ಅಡಚಣೆಗಳ ನಡುವೆಯೇ ಕೆಲಸ ಸಾಗಿ, 1948ರಲ್ಲಿ ಜೋಗದ ಬುಡದ ವಿದ್ಯುದಾಗಾರ ಚಾಲೂ ಆಯಿತು. ಕೃಷ್ಣರಾಜೇಂದ್ರರ ಹೆಸರಿನ ಈ ಯೋಜನೆ ಮರುವರ್ಷ ಮಹಾತ್ಮ ಗಾಂಧಿಯವರ ಹೆಸರು ಪಡೆಯಿತು. ಅದರ ಒಟ್ಟು ಸಾಮರ್ಥ್ಯ 120 ಮೆಗಾವಾಟ್ ಆಗಿತ್ತು. ನದಿಯ ಕೆಳಕಣಿವೆ ಆಗ ಮುಂಬಯಿ ಪ್ರಾಂತ್ಯದ ಉತ್ತರ ಕನ್ನಡಕ್ಕೆ ಸೇರಿತ್ತು. ಅದರಿಂದಾಗಿ ಮೈಸೂರಿನವರು ಇಷ್ಟಕ್ಕೇ ನಿಲ್ಲಬೇಕಾಯಿತು. 1956ರಲ್ಲಿ ಏಕೀಕರಣವಾಗಿ ಅಂಬುತೀರ್ಥದಿಂದ ಹೊನ್ನಾವರದವರೆಗೆ ಇಡೀ ಹೊಳೆ ಒಂದೇ ರಾಜ್ಯದ್ದಾಯಿತು. ಕನ್ನಡಿಗರೆಲ್ಲ ಒಂದಾದ ಆ ಸಂಭ್ರಮದ ಬೆನ್ನಿಗೇ ಶರಾವತಿಯನ್ನು ಪೂರ್ತಿ ಬಳಸಿಕೊಳ್ಳುವ ದೊಡ್ಡ ಯೋಜನೆಗೆ ದಾರಿ ತೆರೆಯಿತು.

ಎರಡನೆಯದು ಲಿಂಗನಮಕ್ಕಿ. 1964ರಲ್ಲಿ ಮುಗಿದ ಈ ಅಣೆಕಟ್ಟಿನ ಉದ್ದ ಸುಮಾರು 2.7 ಕಿಲೋಮೀಟರ್. ಜಲಾಶಯಕ್ಕೆ 151 ಟಿಎಂಸಿ ನೀರು ಹಿಡಿಯುತ್ತದೆ. ತುಂಬಿದಾಗ ನೀರು ಹರಡುವ ಜಾಗ ಸುಮಾರು 300 ಚದರ ಕಿಲೋಮೀಟರ್. ಅಗಲ ಕಣಿವೆಗೆ ಕಟ್ಟು ಹಾಕಿದರೆ ನೀರು ಆಳಕ್ಕಿಂತ ಅಗಲಕ್ಕೆ ಹೆಚ್ಚು ಹರಡುತ್ತದೆ. ಹೊಳೆಯ ಬುಡದ ಹಳ್ಳಿಗಳ ಜೊತೆಗೆ ಉಪನದಿಗಳ ಬಾಯಲ್ಲಿದ್ದ ದೂರದ ಹಳ್ಳಿಗಳೂ ಹೋದದ್ದು ಇದರಿಂದಲೇ. ಶರಾವತಿ ವಿದ್ಯುದಾಗಾರವನ್ನು 1965ರಲ್ಲಿ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿ ರಾಷ್ಟ್ರಕ್ಕೆ ಅರ್ಪಿಸಿದರು. ಹಂತಹಂತವಾಗಿ ಬೆಳೆದು 1035 ಮೆಗಾವಾಟ್ ತಲುಪಿದ ಆ ಕೇಂದ್ರ ಎಷ್ಟೋ ವರ್ಷ ರಾಜ್ಯದ ವಿದ್ಯುತ್ತಿಗೆ ಬೆನ್ನೆಲುಬಾಗಿತ್ತು. ಬೆಂಗಳೂರಿನ ಕಾರ್ಖಾನೆಗಳು, ಬಯಲುಸೀಮೆಯ ಪಂಪ್‌ಸೆಟ್‌ಗಳು ಅದರ ಮೇಲೆ ಓಡಿದವು. ಆ ಲಾಭವನ್ನು ನಾವೆಲ್ಲರೂ ಉಂಡಿದ್ದೇವೆ.

ಹಿರೇಭಾಸ್ಕರ ಅಣೆಕಟ್ಟಿನ ಗತಿ ಏನಾಯಿತೆಂಬುದನ್ನು ಇಲ್ಲಿ ಹೇಳಲೇಬೇಕು. ಹೊಸ ಜಲಾಶಯದ ನೀರು ಏರುತ್ತ ಬಂದು, ಎರಡು ದಶಕವೂ ಬಾಳದ ಆ ಹಳೆಯ ಅಣೆಕಟ್ಟನ್ನೇ ಮುಳುಗಿಸಿತು. ಮಳೆ ಕೈಕೊಟ್ಟ ವರ್ಷಗಳಲ್ಲಿ, ಮೇ ಕೊನೆಯ ಹೊತ್ತಿಗೆ ಅದು ಮತ್ತೆ ಮೇಲೆದ್ದು ಕಾಣುತ್ತದೆ. ಕಲ್ಲು ಗಾರೆಯ ಗೋಡೆ ಇನ್ನೂ ಗಟ್ಟಿಯಾಗಿದೆ. ಮೈಸೂರಿನ ಎಂಜಿನಿಯರ್ ಗಣೇಶ್ ಅಯ್ಯರ್ ರೂಪಿಸಿದ ಸೈಫನ್‌ಗಳ ದೊಡ್ಡ ದುಂಡು ಬಾಯಿಗಳು ಸಾಲಾಗಿ ಕಾಣುತ್ತವೆ. ನೀರು ತುಂಬಿದಾಗ ಬಾಗಿಲು ಎತ್ತುವವರಿಲ್ಲದೆ ತಾನಾಗಿಯೇ ಹೊರಹೋಗುವಂತೆ ಮಾಡಿದ ಜಾಣ್ಮೆ ಅದು. ಸುತ್ತ ಬಿರುಕುಬಿಟ್ಟ ಕೆಸರು, ಕಡಿದ ಮರಗಳ ಕಪ್ಪು ಬೊಡ್ಡೆ, ಅಲ್ಲಲ್ಲಿ ಹಳೆಯ ರಸ್ತೆಯ ಗುರುತು. ನೋಡಲು ಬರುವ ಹೊರಗಿನವರ ನಡುವೆ ತಮ್ಮ ಹಿರಿಯರ ಮನೆಯ ಜಾಗ ಯಾವ ಕಡೆ ಎಂದು ಕೈ ತೋರಿಸುವ ಹಳಬರೂ ಇರುತ್ತಾರೆ. 1940ರ ದಶಕದಲ್ಲಿ ಒಮ್ಮೆ ಎದ್ದು ಮೇಲಿನ ದಿಣ್ಣೆಯಲ್ಲಿ ಮನೆ ಕಟ್ಟಿಕೊಂಡ ಕುಟುಂಬಗಳು 1960ರ ದಶಕದಲ್ಲಿ ಇನ್ನೊಮ್ಮೆ ಏಳಬೇಕಾಯಿತು.

ಎಬ್ಬಿಸಿದವರನ್ನು ಲಾರಿಗಳಲ್ಲಿ ತುಂಬಿ ಜಿಲ್ಲೆಯ ಬೇರೆ ಬೇರೆ ಕಾಡುಗಳಿಗೆ ಕೊಂಡೊಯ್ದರು. ಶಿವಮೊಗ್ಗ, ಹೊಸನಗರ, ತೀರ್ಥಹಳ್ಳಿ, ಸೊರಬ, ಭದ್ರಾವತಿ ಕಡೆಗಳಲ್ಲಿ ಅರಣ್ಯ ಬಿಡಿಸಿ ಜಾಗ ತೋರಿಸಲಾಯಿತು. ಮಡಿಕೆ, ನೇಗಿಲು, ದನ, ಮನೆದೇವರು ಎಲ್ಲವೂ ಒಂದೇ ಲಾರಿಯಲ್ಲಿ. ಇಳಿದಲ್ಲಿ ಗದ್ದೆ ಇಲ್ಲ, ಬಾವಿ ಇಲ್ಲ. ಮರ ಕಡಿದು, ಬೇರು ಕಿತ್ತು, ಹೊಸದಾಗಿ ನೆಲ ಹದಮಾಡಬೇಕು. ಅದನ್ನು ಅವರು ಮಾಡಿದರು. ಕಾಗದಪತ್ರ ಮಾತ್ರ ಸರಿಯಾಗಲಿಲ್ಲ. ಕೊಟ್ಟ ಜಾಗ ಅರಣ್ಯದ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿಯಿತು. 1980ರಲ್ಲಿ ಕೇಂದ್ರದ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದನ್ನು ಬಿಡಿಸಲು ದೆಹಲಿಯ ಒಪ್ಪಿಗೆ ಬೇಕಾಯಿತು. ರಾಜ್ಯ ಸರ್ಕಾರ ಮುಂದೆ ಹೊರಡಿಸಿದ ಅಧಿಸೂಚನೆಗಳನ್ನು ಆ ಒಪ್ಪಿಗೆ ಇಲ್ಲವೆಂಬ ಕಾರಣಕ್ಕೆ ಹೈಕೋರ್ಟ್ 2021ರಲ್ಲಿ ರದ್ದುಮಾಡಿತು. ನಾಡಿಗೆ ಬೆಳಕು ಕೊಡಲು ಎದ್ದುಹೋದವರ ಮೊಮ್ಮಕ್ಕಳು ಕಾಗದದಲ್ಲಿ ಇಂದಿಗೂ ಅರಣ್ಯ ಒತ್ತುವರಿದಾರರು. ಕೋರ್ಟು ಕಾನೂನನ್ನೇ ಎತ್ತಿಹಿಡಿದಿರಬಹುದು. ಆದರೆ ಅರವತ್ತು ವರ್ಷವಾದರೂ ಒಂದು ಹಕ್ಕುಪತ್ರ ಸರಿಮಾಡಿಸಿಕೊಡದ ಆಡಳಿತ ತನ್ನ ಕಡೆ ನಿಂತ ಸಾಲವನ್ನು ತೀರಿಸಿಲ್ಲ.

ಇನ್ನು ಎದ್ದುಹೋಗದವರು. ನೀರು ನಿಂತ ಮೇಲೆ ಅವರು ಮೂರು ಕಡೆ ನೀರು, ಒಂದು ಕಡೆ ಘಟ್ಟ ಎಂಬಂಥ ಜಾಗದಲ್ಲಿದ್ದರು. ತಾಲ್ಲೂಕು ಕೇಂದ್ರ ಸಾಗರಕ್ಕೆ ಕಾರ್ಗಲ್ ಸುತ್ತಿ ಹೋದರೆ ಸುಮಾರು 80 ಕಿಲೋಮೀಟರ್, ಹಿನ್ನೀರು ದಾಟಿದರೆ ಅದರ ಅರ್ಧ. ಮೊದಮೊದಲು ದೋಣಿ, ತೆಪ್ಪ. ಆಮೇಲೆ ಒಳನಾಡು ಜಲಸಾರಿಗೆಯ ಲಾಂಚ್. ಅಂಬಾರಗೋಡ್ಲು ಕಡೆಯ ಹೊಳೆಬಾಗಿಲಿನಿಂದ ಆಚೆಯ ಕಳಸವಳ್ಳಿಗೆ ಅದು ಬೆಳಗಿನಿಂದ ಸಂಜೆವರೆಗೆ ಹೋಗಿ ಬರುತ್ತಿತ್ತು.

ಹೊಳೆಬಾಗಿಲಿನಲ್ಲಿ ಕಾಯುವುದೆಂದರೆ ಅಲ್ಲಿನವರ ದಿನಚರಿಯ ಒಂದು ಭಾಗವಾಗಿತ್ತು. ಲಾಂಚ್ ದಡಕ್ಕೆ ತಾಗುತ್ತಿದ್ದಂತೆ ಮುಂದಿನ ಹಲಗೆ ಇಳಿಯುತ್ತಿತ್ತು, ಸಿಬ್ಬಂದಿ ಕೈಸನ್ನೆ ಮಾಡಿ ಜೀಪು, ಕಾರುಗಳನ್ನು ಒಂದೊಂದಾಗಿ ಹತ್ತಿಸುತ್ತಿದ್ದರು. ಬಸ್ಸು ನಡುವೆ. ಬೈಕುಗಳು ಸಂದಿಗೊಂದಿಯಲ್ಲಿ. ಉಳಿದ ಜಾಗದಲ್ಲಿ ಕಟಕಟೆಗೆ ಒರಗಿ ಜನ, ಅಡಿಕೆ ಮೂಟೆ, ಸೊಸೈಟಿಯ ಅಕ್ಕಿ, ಶಾಲೆಯ ಮಕ್ಕಳು. ಬೇಸಿಗೆಯಲ್ಲಿ ನೀರು ಇಳಿದಂತೆ ದಡವೇ ಕೆಳಗಿಳಿಯುತ್ತಿತ್ತು. ಲಾಂಚ್ ನಿಲ್ಲುವ ಜಾಗ ಬದಲಿಸಬೇಕಿತ್ತು, ಮಣ್ಣಿನ ಹಾದಿ ಹೊಸದಾಗಿ ಕೆತ್ತಬೇಕಿತ್ತು, ಕೊನೆಗೆ ವಾಹನ ಹತ್ತಿಸುವುದನ್ನೇ ನಿಲ್ಲಿಸಬೇಕಿತ್ತು. ರಾತ್ರಿ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ ಲಾಂಚಿನವರನ್ನು ಎಬ್ಬಿಸಲು ಓಡಬೇಕಿತ್ತು, ಇಲ್ಲವೇ ಕಾಡು ದಾರಿಯಲ್ಲಿ 80 ಕಿಲೋಮೀಟರ್. ಹೊರಗಿನವರು ಈ ಕಡೆಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡಿದ್ದಕ್ಕೆ, ನೌಕರಿಗೆ ಬಂದ ಮೇಷ್ಟ್ರು, ಡಾಕ್ಟರು ವರ್ಗ ಮಾಡಿಸಿಕೊಂಡು ಹೋದದ್ದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಕಣ್ಣೆದುರೇ ವಿದ್ಯುತ್ ತಯಾರಾಗುವ ನೀರು ನಿಂತಿದ್ದರೂ ಎಷ್ಟೋ ಮನೆಗಳಲ್ಲಿ ದಶಕಗಳ ಕಾಲ ಉರಿದದ್ದು ಚಿಮಣಿ ಬುಡ್ಡಿ.

ಇದನ್ನು ಒಳಗಿನಿಂದ ಬರೆದವರು ನಾ. ಡಿಸೋಜ. ಸಾಗರದಲ್ಲಿ ಹುಟ್ಟಿ, ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯನ್ನು ಹತ್ತಿರದಿಂದ ಕಂಡ ಅವರು ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳನ್ನು ಬರೆದರು. ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ 2002ರಲ್ಲಿ ಸಿನಿಮಾ ಮಾಡಿದರು, ಅದಕ್ಕೆ ಸ್ವರ್ಣಕಮಲ ಬಂತು. 2019ರಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪ ಎದ್ದಾಗ, ಎಂಬತ್ತು ದಾಟಿದ್ದ ಡಿಸೋಜ ಹೋರಾಟದ ಮುಂದಾಳಾಗಿ ನಿಂತರು. ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಯಿತು. ಕಾದಂಬರಿಕಾರರೊಬ್ಬರು ತಮ್ಮ ಕಥೆಯ ಹೊಳೆಗಾಗಿ ಬೀದಿಗೆ ಬಂದ ಆ ದಿನವನ್ನು ಕನ್ನಡ ಸಾಹಿತ್ಯ ಚರಿತ್ರೆಯಲ್ಲೂ ಬರೆದಿಡಬೇಕು. ಅವರು 2025ರ ಜನವರಿಯಲ್ಲಿ ತೀರಿಕೊಂಡರು.

ಈ ಸೀಮೆಗೆ ಇನ್ನೊಂದು ಗೆರೆ ಬಿದ್ದದ್ದು 1972ರಲ್ಲಿ. ಹಿನ್ನೀರಿನ ಸುತ್ತಲಿನ ಕಾಡು ಶರಾವತಿ ಕಣಿವೆ ವನ್ಯಜೀವಿ ಅಭಯಾರಣ್ಯವಾಯಿತು. 2019ರಲ್ಲಿ ಸಿಂಗಳೀಕದ ಹೆಸರಿನಲ್ಲಿ ಅದನ್ನು 930 ಚದರ ಕಿಲೋಮೀಟರಿಗೆ ಹಿಗ್ಗಿಸಿದರು. ಸಿಂಗಳೀಕ ಬದುಕಲು ಎತ್ತರದ ಮರಗಳ ಮುರಿಯದ ಮೇಲ್ಛಾವಣಿ ಬೇಕು, ಅಂಥ ಕಾಡು ಪಶ್ಚಿಮ ಘಟ್ಟದಲ್ಲಿ ಉಳಿದಿರುವುದೇ ಕಡಿಮೆ. ಅಭಯಾರಣ್ಯ ಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ನೀರಿನ ಗೆರೆ ಮತ್ತು ಕಾಡಿನ ಗೆರೆಯ ನಡುವೆ ಸಿಕ್ಕ ಹಳ್ಳಿಗೆ ಒಂದು ಕಂಬ ನೆಡಲೂ, ರಸ್ತೆ ಅಗಲ ಮಾಡಲೂ ಅನುಮತಿ ಬೇಕಾಗುತ್ತದೆ. 2018–19ರಲ್ಲಿ ಪಕ್ಕದ ಅರಳಗೋಡಿನಲ್ಲಿ ಮಂಗನ ಕಾಯಿಲೆ ಜೀವ ತೆಗೆದಾಗ ಆಸ್ಪತ್ರೆಯ ದೂರ ಎಂದರೇನು ಎಂಬುದು ಇಡೀ ರಾಜ್ಯಕ್ಕೆ ಗೊತ್ತಾಯಿತು. ಕೊರೊನಾ ಕಾಲದಲ್ಲಿ ಮಕ್ಕಳು ಪಾಠಕ್ಕಾಗಿ ಮೊಬೈಲ್ ಹಿಡಿದು ಗುಡ್ಡ ಹತ್ತಿದರು. ನೆಟ್‌ವರ್ಕ್ ಇಲ್ಲದಿದ್ದರೆ ವೋಟೂ ಇಲ್ಲ ಎಂದು ಜನ ಚಳವಳಿ ಹೂಡಿದರು.

ಹೊರಗಿನ ಕರ್ನಾಟಕ ಈ ಕಡೆ ಬರತೊಡಗಿದ್ದು ಸಿಗಂದೂರು ಚೌಡೇಶ್ವರಿಯಿಂದ. ದೀವರ ಮನೆತನದವರು ಧರ್ಮದರ್ಶಿಗಳಾಗಿರುವ ಈ ದೇವಸ್ಥಾನದ ಪ್ರಸಿದ್ಧಿ 1990ರ ದಶಕದಿಂದ ಏರುತ್ತ ಹೋಯಿತು. ನಾಡಿನ ಮೂಲೆಮೂಲೆಯ ಭಕ್ತರು ಹೊಳೆಬಾಗಿಲಿನಲ್ಲಿ ಸಾಲುಗಟ್ಟಿದರು. ರಜಾದಿನಗಳಲ್ಲಿ ಊರಿನವರಿಗೇ ಲಾಂಚ್ ಸಿಗದಂತಾಯಿತು. ಆದರೂ ಊರಿನವರ ಕೂಗಿಗೆ ತೂಕ ಬಂದದ್ದು ಭಕ್ತರಿಂದ ಎಂಬುದನ್ನು ಒಪ್ಪಬೇಕು. 2018ರ ಫೆಬ್ರುವರಿಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಗೆ ಕೇಂದ್ರ ಸಚಿವ ನಿತಿನ್ ಗಡ್ಕರಿ ಶಂಕುಸ್ಥಾಪನೆ ಮಾಡಿದರು. 2025ರ ಜುಲೈ 14ರಂದು ಅವರೇ ಅದನ್ನು ಉದ್ಘಾಟಿಸಿದರು. 2.44 ಕಿಲೋಮೀಟರ್ ಉದ್ದದ, ಕೇಬಲ್ ಆಧಾರದ ಈ ಸೇತುವೆಗೆ 470 ಕೋಟಿಗೂ ಮಿಕ್ಕಿ ಹಣ ಹಿಡಿಯಿತು. ದೇವಿಯ ಹೆಸರನ್ನೇ ಅದಕ್ಕೆ ಇಟ್ಟರು. ಹಿನ್ನೀರು ದಾಟಲು ಈಗ ಕೆಲವೇ ನಿಮಿಷ ಸಾಕು.

ಸೇತುವೆಯ ಮೇಲೆ ಆಂಬುಲೆನ್ಸ್ ಓಡಾಡುತ್ತದೆ, ಅಡಿಕೆ ಲಾರಿ ಕಾಯುವುದಿಲ್ಲ. ಅದರ ಜೊತೆಗೇ ಜಾಗದ ಬೆಲೆ ಕೇಳುವವರು, ಹಿನ್ನೀರಿನ ದಂಡೆಯಲ್ಲಿ ರೆಸಾರ್ಟಿಗೆ ನೆಲ ಹುಡುಕುವವರು ಬರುವುದು ಖಂಡಿತ. ದಾರಿ ಇಲ್ಲದ್ದರಿಂದಲೇ ಉಳಿದುಕೊಂಡ ಕಾನು, ಬೆಟ್ಟಗಳನ್ನು ಇನ್ನು ಊರಿನವರೇ ಕಾಯಬೇಕು. ಕಣಿವೆಯ ಕೆಳಭಾಗದಲ್ಲಿ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತು ಜೋರಾಗಿದೆ. ಅಭಯಾರಣ್ಯದೊಳಗೇ ಸುರಂಗ ಕೊರೆಯುವ ಆ ಯೋಜನೆಯನ್ನು ಶಿವಮೊಗ್ಗ, ಉತ್ತರ ಕನ್ನಡ ಎರಡೂ ಜಿಲ್ಲೆಗಳ ಜನ ವಿರೋಧಿಸುತ್ತಿದ್ದಾರೆ. ಹೊಳೆ ತನ್ನ ಪಾಲಿನ ವಿದ್ಯುತ್ತನ್ನು ಕೊಟ್ಟಾಗಿದೆ ಎಂಬುದು ಅವರ ವಾದ, ನನ್ನದೂ ಅದೇ. ಮೊದಲು ಆಗಬೇಕಾದದ್ದು ಹಳೆಯ ಲೆಕ್ಕ: ಶಿವಮೊಗ್ಗ, ಹೊಸನಗರ, ತೀರ್ಥಹಳ್ಳಿಯ ಕಾಡಂಚುಗಳಲ್ಲಿ ಮೂರನೆಯ ತಲೆಮಾರಿಗೆ ಕಾಲಿಟ್ಟಿರುವ ಸಂತ್ರಸ್ತರ ಹಕ್ಕುಪತ್ರಕ್ಕೆ ದೆಹಲಿಯಿಂದ ಒಪ್ಪಿಗೆ ತರುವುದು.